ಹೊಲಿಯದೆ ಉಳಿದ ಬಟ್ಟೆ

"ಮಾಸ್ಟರೇ, ನನ್ನ ಮಗನ ಶರ್ಟು ಆಯ್ತಾ?"

"ನಾಳೆ ಬನ್ನಿ."

ದರ್ಜಿಗಳ ನಾಳೆ ಯಾವಾಗ ಬರುತ್ತದೆಂದು ಎಲ್ಲರಿಗೂ ಗೊತ್ತು. ಆದರೆ ದೋಣಿ ಮುಳುಗಿದ ಮೇಲೆ ಆ ಅಂಗಡಿಯಿಂದ ಒಂದು ಬಟ್ಟೆಯೂ ಹೊರಗೆ ಬಂದಿರಲಿಲ್ಲ.

ಅಳತೆ ತೆಗೆದು ಕತ್ತರಿಸುವುದು ಮಾಸ್ಟರ್ ಕೆಲಸ, ಹೊಲಿಯುವುದು ಅವನ ಗೆಳೆಯನದು. ದಿನವಿಡೀ ಬಾಯಿ ಮುಚ್ಚದ ಅವನನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಆ ದಿನ ಗುಂಡಿ, ದಾರ ತರಲು ಇಬ್ಬರೂ ಹೊಳೆಯ ಆಚೆ ದಡಕ್ಕೆ ಹೊರಟಿದ್ದರು. ಜನ ತುಂಬಿದ್ದ ದೋಣಿ ಮಗುಚಿತು. ಎಷ್ಟೋ ಜನ ನೀರುಪಾಲಾದರು. ಮಾಸ್ಟರ್ ದಡ ಸೇರಿದ, ಗುಬ್ಬಿ ಸೇರಲಿಲ್ಲ.

ಊರೆಲ್ಲ ಗುಬ್ಬಿಯ ಹೆಂಡತಿಗೆ ಸಮಾಧಾನ ಹೇಳಿ ಬಂದಿತು. ಮಾಸ್ಟರ್‌ಗೆ ಮಾತ್ರ ಸಿಕ್ಕವರೆಲ್ಲ ಹೇಳಿದ್ದು ಒಂದೇ ಮಾತು: "ನಿನ್ನ ಆಯಸ್ಸು ಗಟ್ಟಿ ಕಣಪ್ಪ." ಅವನು ತಲೆಯಾಡಿಸಿ ಅಂಗಡಿಗೆ ಬರುತ್ತಿದ್ದ. ಕತ್ತರಿಸಿದ ಬಟ್ಟೆಯನ್ನು ಕಟ್ಟು ಕಟ್ಟಿ, ಅಭ್ಯಾಸದಂತೆ ಗುಬ್ಬಿಯ ಮಿಷನ್ ಮೇಲಿಡುತ್ತಿದ್ದ. ಹೊಲಿಯುವವರಿಲ್ಲದ ಕಟ್ಟುಗಳು ಏರಿ ಏರಿ ಕಿಟಕಿಯನ್ನೇ ಮುಚ್ಚಿದ್ದವು. ಮನೆಯಲ್ಲೂ ಮಾಸ್ಟರ್ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅಷ್ಟು ಜನರ ನಡುವೆ ಅವನು ಒಬ್ಬಂಟಿಯಾಗಿದ್ದ.

ಬಟ್ಟೆ ಹೊಲಿಸಲು ಬಂದ ಆಸ್ಪತ್ರೆಯ ನರ್ಸಮ್ಮ ಆ ರಾಶಿ ನೋಡಿ, ಸ್ಟೂಲ್ ಎಳೆದುಕೊಂಡು ಕೂತರು.

"ನಿದ್ದೆ ಬರುತ್ತಾ ಮಾಸ್ಟರೇ?"

"ಕಣ್ಣು ಮುಚ್ಚಿದ್ರೆ ನೀರೇ ಕಾಣುತ್ತಮ್ಮ."

"ದೋಣಿಯಲ್ಲಿದ್ದವರು, ಮನೆಯವರನ್ನ ಕಳ್ಕೊಂಡವರು ಎಲ್ಲ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಸೇರ್ತಾರೆ. ಮನಸ್ಸಿನ ಡಾಕ್ಟರೂ ಬರ್ತಾರೆ. ನೀವೂ ಬನ್ನಿ."

"ಬದುಕಿ ಬಂದವನು ನಾನು. ಅವರ ಮುಂದೆ ಕೂತು ಅಳೋಕೆ ನನಗೇನು ಹಕ್ಕಿದೆ? ಬರಲ್ಲ ಅಂದ ಗುಬ್ಬೀನ ಒತ್ತಾಯ ಮಾಡಿ ಕರ್ಕೊಂಡು ಹೋದವನೇ ನಾನು."

"ನೀವು ಕರೆದದ್ದು ಗುಂಡಿ ತರೋಕೆ. ಬದುಕಿದವರಿಗೆ ತಪ್ಪು ನಂದೇ ಅಂತ ಅನ್ನಿಸುತ್ತೆ. ಅನ್ನಿಸಿದ ಮಾತ್ರಕ್ಕೆ ಅದು ನಿಜ ಆಗಲ್ಲ."

"ಮಾತಾಡಿದ್ರೆ ಅವನು ವಾಪಸ್ ಬರ್ತಾನಾ?"

"ಇಲ್ಲ. ಆದ್ರೆ ನೀವು ನಿಮ್ಮ ಮನೆಯವರಿಗೆ ವಾಪಸ್ ಸಿಗ್ತೀರಿ."

ಮಾಸ್ಟರ್‌ಗೆ ನಂಬಿಕೆ ಬರಲಿಲ್ಲ. ಆದರೆ ನರ್ಸಮ್ಮನಿಂದ ವಿಷಯ ತಿಳಿದ ಹೆಂಡತಿ ಬಿಡಲಿಲ್ಲ. "ನಡೀರಿ, ನಾನೂ ಜೊತೆಗೆ ಬರ್ತೀನಿ," ಎಂದಳು.

ಕೋಣೆಯ ಬಾಗಿಲಲ್ಲೇ ಗುಬ್ಬಿಯ ಹೆಂಡತಿ ಕಂಡಳು. ಇಷ್ಟು ದಿನ ಮುಖ ತಪ್ಪಿಸಿಕೊಂಡಿದ್ದವನು ಹಿಂದಿರುಗಲು ನೋಡಿದ.

"ಅಣ್ಣಾ, ಮನೆ ಕಡೆ ಯಾಕೆ ಬರಲೇ ಇಲ್ಲ?" ಎಂದಳು ಅವಳು. "ದಿನಾ ದಾರಿ ನೋಡ್ತಿದ್ದೆ. ಅಂಗಡೀಲಿ ಅವರು ಏನೇನು ಹರಟ್ತಿದ್ರು ಅಂತ ನನಗೆ ಹೇಳೋಕೆ ಇರೋದು ನೀವೊಬ್ಬರೇ."

ಮಾಸ್ಟರ್ ಅವಳ ಎದುರಿಗೆ ಬಂದು ಕೂತ. ದೋಣಿ ಮುಳುಗಿದ ಮೇಲೆ ಮೊದಲ ಸಲ ಅತ್ತ. ಆಮೇಲೆ ಹೇಳತೊಡಗಿದ, ಅವಳು ಕೇಳುತ್ತ ಕೂತಳು.

ಅಂಗಡಿಯಲ್ಲಿ ಗುಬ್ಬಿಯ ಮಿಷನ್ ಈಗಲೂ ಸುಮ್ಮನಿದೆ. ಅದರ ಮೇಲಿನ ಕಟ್ಟುಗಳನ್ನು ಮಾಸ್ಟರ್ ಕೆಳಗಿಳಿಸಿದ್ದಾನೆ.

ದುರಂತದಿಂದ ಬದುಕಿ ಬಂದವರು ನಿಮ್ಮ ಬೀದಿಯಲ್ಲೂ ಇರಬಹುದು. 'ನೀನು ಪುಣ್ಯವಂತ' ಎಂದು ಹೇಳಿ ಮುಂದೆ ಹೋಗಬೇಡಿ. ಪಕ್ಕದಲ್ಲಿ ಕೂತು, ಹೋದವರ ಬಗ್ಗೆ ಕೇಳಿ. ಊಟ, ನಿದ್ದೆ ಕೆಟ್ಟಿದ್ದರೆ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ಬದುಕಿ ಬಂದವರು ನೀವೇ ಆಗಿದ್ದರೆ, ಅಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಆಸ್ಪತ್ರೆಗೆ ಬನ್ನಿ.