ಹಿಂದಿನ ಚಕ್ರ ತಿರುಗಿದಾಗ

ಎಂಬತ್ತಮೂರರ ಬೇಸಿಗೆ. ದೇವರಾಯಸಮುದ್ರದಾಚೆಯ ಕಲ್ಲು ಕ್ವಾರಿಗೆ ಅಪ್ಪನ ಊಟ ಹೊತ್ತು ಹೋದವಳು, ಅಲ್ಲಿಗೆ ಕಲ್ಲು ಎತ್ತಲು ಬಂದಿದ್ದ ಹೊಸ ಫೋರ್ಕ್‌ಲಿಫ್ಟನ್ನು ನೋಡುತ್ತಾ ಬುತ್ತಿ ಇಳಿಸುವುದನ್ನೇ ಮರೆತು ನಿಂತೆ. ಲಾರಿಗಳು ಹೂತುಕೊಳ್ಳುತ್ತಿದ್ದ ಗುಂಡಿಗಳನ್ನು ಅದು ದೊಡ್ಡ ದೊಡ್ಡ ಚಕ್ರಗಳಲ್ಲಿ ಸಲೀಸಾಗಿ ದಾಟುತ್ತಿತ್ತು. ತಿರುಗುವಾಗ ಮಾತ್ರ ಮುಂದಿನ ಚಕ್ರಗಳು ನೆಟ್ಟಗೇ ಇರುತ್ತಿದ್ದವು, ಹಿಂದಿನವು ಹೊರಳುತ್ತಿದ್ದವು. ಪಾದ ಹಿಂದುಮುಂದಾದ ದೆವ್ವಗಳ ಕಥೆ ಹೇಳಿ ನನ್ನನ್ನು ಬೆಳೆಸಿದ ಅಜ್ಜಿ ಇದನ್ನು ನೋಡಿದ್ದರೆ ಎಂಥ ಕಥೆ ಕಟ್ಟುತ್ತಿದ್ದಳೋ ಎಂದುಕೊಂಡೆ.

ಡ್ರೈವರ್ ತಾಜ್ ಪಾಷಾ ಚಪ್ಪಡಿ ಎತ್ತಿಕೊಂಡು ಏರು ಹತ್ತಲು ಹೊರಟ. ಅಪ್ಪ ಮುನಿರಾಮಪ್ಪ ಒಂದು ಕಲ್ಲು ಹಿಡಿದು ಹಿಂದಿನ ಚಕ್ರದ ಬಲಪಕ್ಕಕ್ಕೆ ಬಂದ. ಕಲ್ಲು ಹೇರಿದ ಎತ್ತಿನಬಂಡಿ ಏರು ಹತ್ತುವಾಗ ಹಾಗೆಯೇ ಚಕ್ರಕ್ಕೆ ಅಂಟಿಕೊಂಡು ನಡೆದು, ಎತ್ತು ಸೋತ ಕೂಡಲೇ ಬಂಡಿ ಹಿಂದಕ್ಕೆ ಉರುಳದಂತೆ ಚಕ್ರಕ್ಕೆ ಕಲ್ಲು ಕೊಡುವುದು ಮೂವತ್ತು ವರ್ಷದಿಂದ ಅವನ ಕೆಲಸ.

"ದೂರ ಹೋಗಣ್ಣ, ಇದಕ್ಕೆ ಬ್ರೇಕ್ ಐತೆ!"

"ಏನ್ಲಾ ಪಾಷಾ, ನೀನು ಹುಟ್ಟೋಕೆ ಮುಂಚೆ ಬಂಡಿ ಹಿಂದೆ ನಡ್ದೋನು ಕಣೋ ನಾನು. ನೀ ಹೊಡಿ!"

ಪಾಷಾ ನಕ್ಕ. ಬಲಕ್ಕಿದ್ದ ಬಂಡೆಗೋಡೆಯ ಹತ್ತಿರ ಗಾಡಿಯನ್ನು ಎಡಕ್ಕೆ ತಿರುಗಿಸಿದ.

ಎತ್ತು ಎಡಕ್ಕೆ ತಿರುಗಿದರೆ ಬಂಡಿಯೂ ಎಡಕ್ಕೇ. ಅಪ್ಪನಿಗೆ ಗೊತ್ತಿದ್ದುದು ಅಷ್ಟು. ಇದರ ಹಿಂಭಾಗ ಬಲಕ್ಕೆ ಬೀಸಿ ಬಂತು. ನಾನು ಕಿರುಚಿದೆ. ಗಾಡಿ ನಿಂತಾಗ ಅಪ್ಪನ ಎದೆ ಕಬ್ಬಿಣಕ್ಕೂ ಬಂಡೆಗೂ ನಡುವೆ ಸಿಕ್ಕಿತ್ತು. ಬಾಯಿ ತೆರೆದಿತ್ತು, ಉಸಿರಿನ ಸದ್ದಿಲ್ಲ.

"ಮುಂದಕ್ಕೆ ತಗೊಳ್ಳೋ!" ಮೇಸ್ತ್ರಿ ಸುಬ್ಬರಾಯಪ್ಪ ಅರಚಿದ.

"ಮುಂದೆ ಹೋದ್ರೆ ಇನ್ನೂ ಒತ್ತುತ್ತೆ, ಮೇಸ್ತ್ರಿ. ಸ್ಟೇರಿಂಗ್ ಅಲುಗಿಸ್ದೆ ಹಿಂದಕ್ಕೇ ಬರ್ಬೇಕು."

"ಹಿಂದಕ್ಕಾ? ಆ ಮನುಷ್ಯ ಹಿಂದೇನೇ ಅವ್ನಲ್ಲೋ, ಸಾಯಿಸ್ತೀಯಾ?" ಮೇಸ್ತ್ರಿ ಗಾಡಿಯ ಮೆಟ್ಟಿಲು ಹತ್ತಿ ಪಾಷಾನ ಕೈ ಹಿಡಿದ. ಪಾಷಾ ಹೆದರಿ ನನ್ನತ್ತ ನೋಡಿದ.

ನೆಲದ ಮೇಲೆ ಚಕ್ರದ ಗುರುತು ಬಾಗಿ ಬಂದಿತ್ತು. ಬಂದ ಗುರುತಿನಲ್ಲೇ ಹೋದರೆ ಹಿಂಭಾಗ ಗೋಡೆಯಿಂದ ಈಚೆಗೆ ಸರಿಯುತ್ತದೆ.

"ಹಿಂದಕ್ಕೇ ಬಿಡು, ಪಾಷಣ್ಣಾ," ಎಂದೆ. ಅದು ನನ್ನ ದನಿಯೇ ಎಂದು ನನಗೇ ನಂಬಿಕೆಯಾಗಲಿಲ್ಲ. "ಕೈ ಬಿಡಿ ಮೇಸ್ತ್ರಿ, ಅವ್ನು ಹೇಳ್ತಿರೋದು ಸರಿ."

ಮೇಸ್ತ್ರಿ ಕೈ ಬಿಟ್ಟ. ಗಾಡಿ ಹಿಂದಕ್ಕೆ ಜರುಗಿತು. ಯಾರೋ "ಅಯ್ಯೋ ದೇವುಡಾ" ಎಂದರು. ಒಂದು ಗೇಣು ಸಂದು ಬಿಟ್ಟಿತು. ಅಪ್ಪ ಕುಸಿದು ಬಿದ್ದು ಕೆಮ್ಮಿದ.

ನೀರು ಕುಡಿಸಿದೆ. ಪಕ್ಕೆ ಹಿಡಿದುಕೊಂಡೇ ಕೇಳಿದ, "ಅದು ಹಂಗೆ ತಿರುಗ್ತದೆ ಅಂತ ನಿಂಗೆಂಗೆ ಗೊತ್ತಾಯ್ತೇ?"

"ಬಂದಾಗ್ಲಿಂದ ಅದ್ನೇ ನೋಡ್ತಿದ್ನಲ್ಲಪ್ಪಾ."



"ನೋಡ್ತಿದ್ದೋಳು ನಂಗೊಂದು ಮಾತು ಹೇಳ್ಬಾರ್ದಿತ್ತೇನೇ?"

 "ಹೇಳ್ಬೇಕಿತ್ತಪ್ಪಾ. ನೋಡ್ತಾನೇ ನಿಂತ್‌ಬಿಟ್ಟೆ," ಎಂದು ಚೊಂಬು ನೆಲಕ್ಕಿಟ್ಟೆ.