ಸೂರಿನ ಮೇಷ್ಟ್ರು

ತಂಗಿ ನೀಲಿ ಅಂಗಿಗೆ ಹಸಿರು ಗುಂಡಿ ಹೊಲಿದು ಕೊಟ್ಟ ದಿನ ಅಕ್ಕ ಅವಳ ಹೊಲಿಗೆ ಅಂಗಡಿಯಲ್ಲೇ ಕೂತಿದ್ದಳು. ಗಿರಾಕಿ ನಕ್ಕು ಸುಮ್ಮನಾದರು, ಅಕ್ಕ ಸುಮ್ಮನಾಗುವ ಪೈಕಿಯಲ್ಲ. ವರ್ಷದಿಂದ ಮುಚ್ಚಿಟ್ಟದ್ದನ್ನು ತಂಗಿಯ ಬಾಯಿಂದ ಹೊರಡಿಸಿ, ಮಾರನೆಯ ದಿನವೇ ಕಣ್ಣಾಸ್ಪತ್ರೆಗೆ ಎಳೆದುಕೊಂಡು ಹೋದಳು. ನೋಟದ ನಟ್ಟನಡುವೆ ಕವಿದ ಮಬ್ಬು ವಂಶದಲ್ಲಿ ಬರುವ ಕಾಯಿಲೆಯಂತೆ. ಹೋದ ದೃಷ್ಟಿ ಮರಳುವುದಿಲ್ಲ, ಅಂಚಿನಲ್ಲಿ ಉಳಿದದ್ದನ್ನು ಬಳಸಲು ತರಬೇತಿ ಕೊಡುತ್ತೇವೆ ಎಂದರು ವೈದ್ಯರು.

ತರಬೇತಿ ಕೋಣೆಯ ಬಾಗಿಲಲ್ಲಿ ಅಕ್ಕ ದನಿ ತಗ್ಗಿಸಿದಳು. "ಕೊನೆಗಾಲಕ್ಕೆ ಅಪ್ಪಂಗೂ ಕಣ್ಣು ಹೋಗಿತ್ತು ಅಂತ ಬಾಯಿ ಬಿಡಬೇಡ. ನನ್ನ ಮಗಳಿಗೆ ಸಂಬಂಧ ಕೂಡಿಬಂದಿದೆ."

"ಅವಳಿಗೂ ಇದ್ರೆ? ಈಗಲೇ ತೋರಿಸೋದು ಒಳ್ಳೇದಲ್ವೇನೇ?"

"ಮೊದಲು ಮದುವೆ ಆಗ್ಲಿ. ಹೆತ್ತವಳು ನಾನು, ಅವಳ ಕೇಡು ಬಯಸ್ತೀನಾ?"

ಬಯಸುತ್ತಿರಲಿಲ್ಲ, ಪಾಪ. ಹೆದರಿಕೊಂಡಿದ್ದಳು ಅಷ್ಟೆ. ಹಾಗಾಗಿ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತೇ ಎಂದು ತರಬೇತಿಯ ಹೆಂಗಸು ಕೇಳಿದಾಗ ತಂಗಿಗಿಂತ ಮೊದಲೇ "ಯಾರಿಗೂ ಇಲ್ಲ" ಎಂದುಬಿಟ್ಟಳು.

ಅಪ್ಪ ಶಾಲೆಯ ಮೇಷ್ಟ್ರು. ಎದುರಿಗೆ ನಿಂತವರನ್ನು ಬಿಟ್ಟು ಸೂರು ನೋಡುತ್ತ ಮಾತಾಡುತ್ತಿದ್ದರೆಂದು ಮಕ್ಕಳೆಲ್ಲ ಅವರಿಗೆ ಸೂರಿನ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ದೊಡ್ಡವರು ಜಂಬ ಎನ್ನುತ್ತಿದ್ದರು. ಸಂಜೆ ಮೆಟ್ಟಿಲ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು ಮಗ್ಗಿ ಹೇಳಿಸುವರು, ತಪ್ಪಿದರೆ ಚಾಕ್‌ಪೀಸಿನ ಪುಡಿ ಮೆತ್ತಿದ ಬೆರಳಿನಿಂದ ಮೂಗಿಗೊಂದು ಬೊಟ್ಟು. ಎಂಥ ಸಂಜೆಗಳವು! ಆದರೆ ಮದುವೆಯಾಗಿ ಹೊರಟ ದಿನ ಅಕ್ಕ ಎದುರಿಗೆ ನಿಂತು ಅಳುತ್ತಿದ್ದರೂ ಅಪ್ಪ ತುಂಬ ಹೊತ್ತು ಬಾಗಿಲ ಮೇಲಿನ ತೊಲೆಯನ್ನೇ ನೋಡಿದರು. ಅಂದಿನಿಂದ ಅಪ್ಪನ ಜೊತೆ ಅವಳ ಮಾತು ಅಷ್ಟಕ್ಕಷ್ಟೆ. ಅವರು ತೀರಿಕೊಳ್ಳುವವರೆಗೂ ಹಾಗೇ ಇತ್ತು.

"ನನ್ನ ಮುಖ ನೋಡಬೇಡಿ," ಎಂದರು ತರಬೇತಿಯವರು ತಂಗಿಗೆ. "ನನ್ನ ತಲೆ ಮೇಲಿಂದ ಹಿಂದಿನ ಗೋಡೆ ನೋಡಿ. ಇನ್ನೂ ಮೇಲೆ."

"ಮಾತಾಡೋರ ಮುಖ ಬಿಟ್ಟು ಗೋಡೆ ನೋಡಿದ್ರೆ ಜನ ಏನಂದ್ಕೋತಾರೆ?"

"ಏನಾದ್ರೂ ಅಂದ್ಕೊಳ್ಲಿ. ಇನ್ನೂ ಸ್ವಲ್ಪ."

ತಂಗಿಯ ನೋಟ ಗೋಡೆ ಹತ್ತಿ ಸೂರಿಗೆ ತಾಗಿತು. "ಕಾಣ್ತಿದೆ. ಹುಬ್ಬು. ಮೂಗು. ನೀವು ನಗ್ತಾ ಇದೀರಿ."

"ನಿಮ್ಮ ಕಣ್ಣಿಗೆ ಅದೇ ಸರಿಯಾದ ಜಾಗ. ಕೆಲವರು ಯಾರೂ ಹೇಳಿಕೊಡದೇನೇ ಇದನ್ನ ಕಂಡ್ಕೊಂಡಿರ್ತಾರೆ. ಬೇಕಾದವರ ಮುಖ ನೋಡ್ಬೇಕಲ್ಲ."

ತಂಗಿ ಕತ್ತು ಹೊರಳಿಸಿ, ಅದೇ ಎತ್ತರದಲ್ಲಿ ನೋಟವಿಟ್ಟು ಅಕ್ಕನತ್ತ ತಿರುಗಿದಳು. ಎಷ್ಟೋ ತಿಂಗಳ ಮೇಲೆ ಅಕ್ಕನ ಮುಖ ಅವಳಿಗೆ ಸಿಕ್ಕಿತ್ತು. ಆ ಮುಖ ಬಿಳುಪೇರಿತ್ತು.

"ಹಾಗಾದ್ರೆ ಅವತ್ತು ಅಪ್ಪ," ಎಂದು ಅಕ್ಕ ತಡವರಿಸಿದಳು, "ನನ್ನನ್ನ ನೋಡ್ತಾ ಇದ್ರಾ?"

ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಳಿಸಿ ಅತ್ತಳು. ಅತ್ತಾದ ಮೇಲೆ ಮೂಗೊರೆಸಿಕೊಂಡು ತರಬೇತಿಯವರಿಗೆ, "ನಾನು ಸುಳ್ಳು ಹೇಳಿದೆ ಕಣಮ್ಮ. ನಮ್ಮಪ್ಪಂಗೂ ಇದೇ ಇತ್ತು," ಎಂದಳು. ಆಮೇಲೆ ಮಗಳಿಗೆ ಫೋನು ಹಚ್ಚಿದಳು.

"ನಾಳೆ ರಜೆ ಹಾಕು. ನಾವಿಬ್ರೂ ಕಣ್ಣು ತೋರಿಸ್ಕೊಳ್ಳೋಣ. ಏನೇ ಬಂದ್ರೂ ಆ ಹುಡುಗನ ಮನೆಯವರಿಗೆ ನಾನೇ ಹೇಳ್ತೀನಿ."