ಅಂಬುಜಾಕ್ಷಿಯ ಅಂಗೈ

ಗೋಡೆಯ ಮೇಲಿದ್ದ ಆ ಮನುಷ್ಯನಿಗೆ ಮುಖವಿರಲಿಲ್ಲ. ಆಳೆತ್ತರದ ಬಟ್ಟೆಯ ಪಟ. ಮುಖವಿರಬೇಕಾದಲ್ಲಿ ಮೊಟ್ಟೆಯಾಕಾರದ ಬಿಳಿ ಖಾಲಿ. ಬೆನ್ನುಮೂಳೆಯ ಎರಡು ಮಗ್ಗುಲಲ್ಲಿ ಮಣಿಸರದ ಹಾಗೆ ಗಂಟುಗಂಟಾಗಿ ಇಳಿದ ಎರಡು ಕೆಂಪು ಸರಪಳಿಗಳು, ಅವುಗಳಿಂದ ಹೃದಯಕ್ಕೆ, ಕರುಳಿಗೆ, ಚರ್ಮದ ಬೆವರಿನ ಗ್ರಂಥಿಗಳಿಗೆ ಹೊರಟ ಕೆಂಪು ಎಳೆಗಳು. ಕೆಂಪಿನವು ಎಬ್ಬಿಸಿದ ಗಲಾಟೆಯನ್ನು ತಣ್ಣಗಾಗಿಸಲು ಮೆದುಳಿನ ಬುಡದಿಂದ ಕೆಲವು, ಸೊಂಟದ ಕೆಳಗಿನಿಂದ ಕೆಲವು ನೀಲಿ ಎಳೆಗಳು. ಶವಚ್ಛೇದನದ ಹಾಲಿಗೆ ಕಾಲಿಟ್ಟವರಿಗೆ ಮೊದಲು ಕಾಣುತ್ತಿದ್ದುದು ಮೇಜಿನ ಮೇಲಿನ ದೇಹವಲ್ಲ, ಆ ಪಟ.

ಅದನ್ನು ಬರೆದವರು ನಮ್ಮ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರಾದ ನರಹರಿರಾಯರು. ತಾರುಣ್ಯದಲ್ಲಿ ಹನ್ನೊಂದು ತಿಂಗಳು ಕೂತು ಬರೆದದ್ದಂತೆ. ಹೆಸರನ್ನು ಒಡೆದು ಓದಿದರೆ ‘ನರ ಹರಿ’ ಎಂಬ ಆಜ್ಞೆಯೇ ಆಗುತ್ತದೆಂದು ಮೊದಲ ವಾರದಲ್ಲೇ ಕಂಡುಹಿಡಿದವನು ನಾನು. ಆ ಕೀರ್ತಿಯನ್ನು ಇಂದಿಗೂ ಬಿಟ್ಟುಕೊಡಲಾರೆ. ಅವರ ಗಂಟಲು ಕೆರೆಯುವಿಕೆ, ಪ್ರತಿ ಮಾತಿನ ಕೊನೆಗೆ ಸುತ್ತಿಗೆಯಂತೆ ಬೀಳುವ ‘ಆಯಿತೆ?’, ಉತ್ತರಕ್ಕೆ ಕಾಯುವಾಗ ಮೂಗಿನಿಂದ ಬಿಡುವ ಉಸಿರು, ಎಲ್ಲವೂ ನನ್ನ ಬಾಯಲ್ಲಿ ಇಳಿದಿದ್ದವು. ಹಾಸ್ಟೆಲಿನ ಊಟದ ಸಾಲಿನಲ್ಲಿ ನಾನು ‘ಆಯಿತೆ?’ ಎಂದರೆ ಮುಂದಿದ್ದವರ ತಟ್ಟೆ ನಡುಗುತ್ತಿತ್ತು.

ಆ ಹಾಲಿನಲ್ಲೊಂದು ಪದ್ಧತಿಯಿತ್ತು. ಶವಚ್ಛೇದನದ ಅವಧಿ ಮುಗಿದ ಮೇಲೆ ಮೇಜುಗಳನ್ನು ತೊಳೆದು ಖಾಲಿ ಮಾಡಿ, ಆ ಕರಿಕಲ್ಲಿನ ಮೇಲೆಯೇ ನಾವು ಬಣ್ಣದ ಚಾಕ್‌ಪೀಸಿನಿಂದ, ಮನಸ್ಸನ್ನು ಕೇಳದೆ ತಾನಾಗಿ ದುಡಿಯುವ ಸ್ವಾಯತ್ತ ನರಮಂಡಲದ ದಾರಿಗಳನ್ನು ಬರೆದು ತೋರಿಸಬೇಕು. ಒರೆಸುವಂತಿಲ್ಲ, ತಿದ್ದುವಂತಿಲ್ಲ. ಅದಕ್ಕೆ ‘ಕಲ್ಲು’ ಎಂದಷ್ಟೇ ಹೆಸರು. ಕಲ್ಲಿನಲ್ಲಿ ತೇರ್ಗಡೆಯಾದವರ ಪುಸ್ತಕಕ್ಕೆ ಮಾತ್ರ ರಾಯರ ರುಜು, ರುಜುವಿಲ್ಲದವರಿಗೆ ಪರೀಕ್ಷೆಯಿಲ್ಲ.

ನನ್ನ ಮೇಜಿನ ಜೊತೆಗಾತಿ ಅಂಬುಜಾಕ್ಷಿಯ ಕಷ್ಟವೆಲ್ಲ ಅಲ್ಲಿತ್ತು. ಅವಳ ಅಂಗೈಗಳು ಬೆವರುತ್ತಿದ್ದವು. ಎಲ್ಲರ ಹಾಗಲ್ಲ, ತೊಟ್ಟಿಕ್ಕುವ ಹಾಗೆ. ಉತ್ತರಪತ್ರಿಕೆಯ ಕೆಳಗೆ ಕರವಸ್ತ್ರ ಹಾಸಿ ಬರೆಯುತ್ತಿದ್ದಳು. ಚಾಕು ಹಿಡಿಯುವ ಮೊದಲು ಹಿಡಿಕೆಗೆ ದಾರ ಸುತ್ತುತ್ತಿದ್ದಳು. ಚಾಕ್ ಅವಳ ಬೆರಳಲ್ಲಿ ಎರಡೇ ನಿಮಿಷಕ್ಕೆ ಸುಣ್ಣದ ಹಿಟ್ಟಾಗುತ್ತಿತ್ತು. ಅಂಬುಜಾಕ್ಷಿಯಲ್ಲ, ಅಂಬುಹಸ್ತೆ, ನೀರುಗೈಯವಳು, ಎಂದು ನಾನೇ ಹೆಸರಿಟ್ಟಿದ್ದೆ. ಅವಳು ನಕ್ಕಿದ್ದಳು. ಆ ನಗುವನ್ನು ನಾನು ಒಪ್ಪಿಗೆ ಎಂದುಕೊಂಡಿದ್ದೆ.

ಕಲ್ಲಿಗೆ ಆರು ವಾರವಿದ್ದಾಗ ರಾಯರು ಅವಳನ್ನು ಕರೆದು ಎಲ್ಲರೆದುರಿಗೇ ಹೇಳಿದರು. ಒದ್ದೆ ಕೈ ವೈದ್ಯನ ಕೈಯಲ್ಲ. ಕಂಕುಳಿನ ಕೆಳಗೆ ಎರಡು ಸಣ್ಣ ಗಾಯ ಮಾಡಿ, ಎರಡನೆಯ ಪಕ್ಕೆಲುಬಿನ ಮೇಲೆ ಆ ಕೆಂಪು ಸರಪಳಿಯನ್ನು ತುಂಡರಿಸಿದರೆ ಕೈ ಜೀವಮಾನವಿಡೀ ಒಣಗಿರುತ್ತದೆ. ನನ್ನ ಸ್ನೇಹಿತ ಶಸ್ತ್ರವೈದ್ಯರಿಗೆ ಬರೆದಿದ್ದೇನೆ. ಒಣ ಕೈ ಇಲ್ಲದೆ ಕಲ್ಲಿನ ಬಳಿ ಬರುವುದು ಬೇಡ, ಬೇರೆ ಓದು ನೋಡಿಕೊಳ್ಳಬಹುದು. ಆಯಿತೆ? ಮನೆಯವರು ಒಪ್ಪಿದರು. ಶಸ್ತ್ರಚಿಕಿತ್ಸೆಯ ದಿನವೂ ನಿಗದಿಯಾಯಿತು, ಕಲ್ಲಿಗೆ ಹತ್ತು ದಿನ ಮುಂಚೆ.

ನನ್ನ ಅನುಕರಣೆಯ ವಿದ್ಯೆ ಉಪಯೋಗಕ್ಕೆ ಬಂತೆಂದು ನಾನು ಹಿಗ್ಗಿದೆ. ರಾಯರ ದನಿಗೆ ಅವಳು ಬೆವರುತ್ತಾಳೆ, ದಿನಾ ಆ ದನಿ ಕೇಳಿಸಿದರೆ ಹೆದರಿಕೆ ಸವೆಯುತ್ತದೆ, ಹೆದರಿಕೆ ಸವೆದರೆ ಬೆವರು ನಿಲ್ಲುತ್ತದೆ. ಎರಡು ವಾರ, ಗ್ರಂಥಾಲಯದ ಹಿಂದಿನ ಮೆಟ್ಟಿಲ ಮೇಲೆ, ನಾನು ರಾಯರಾಗಿ ಅವಳನ್ನು ಪ್ರಶ್ನಿಸಿದೆ. ವೇಗಸ್ ನರ ಎಲ್ಲಿಂದ ಹೊರಟು ಎಲ್ಲೆಲ್ಲಿ ಅಲೆಯುತ್ತದೆ? ಗಂಟಿಗೆ ಮುಂಚಿನ ತಂತು ಉದ್ದವೋ, ನಂತರದ್ದೋ? ಅವಳು ಒಂದನ್ನೂ ತಪ್ಪದೆ ಹೇಳಿದಳು. ಕೊನೆಯ ದಿನ ಅಂಗೈ ಚಾಚಿಸಿದೆ. ಬೆರಳ ತುದಿಯಿಂದ ಹನಿ ಬಿತ್ತು.

‘ನಾನೇ ಅಲ್ಲವೇನೇ ಮಾತಾಡ್ತಿರೋದು?’ ಎಂದೆ.

‘ನಂಗೆ ಗೊತ್ತಪ್ಪ ನೀನೇ ಅಂತ,’ ಎಂದಳು. ‘ಕೈಗೆ ಗೊತ್ತಿಲ್ಲ.’

ಆಮೇಲೆ ಬಹಳ ಹೊತ್ತು ಅವಳು ತನ್ನ ಕೈಯನ್ನೇ ನೋಡುತ್ತ ಕೂತಿದ್ದಳು. ಎತ್ತೆಂದರೆ ಎತ್ತುವ, ಮಡಚೆಂದರೆ ಮಡಚುವ ಕೈ. ಬೆವರಬೇಡ ಎಂದರೆ ಮಾತ್ರ ಯಾರ ಮಾತನ್ನೂ ಕೇಳದು.

ಎದೆಯ ಗೂಡನ್ನು ಬಿಡಿಸುವ ಸರದಿ ಬಂದದ್ದು ಮರುವಾರ. ಶ್ವಾಸಕೋಶವನ್ನು ಎತ್ತಿಟ್ಟು, ಪಕ್ಕೆಲುಬುಗಳ ಮೇಲಿನ ತೆಳು ಪೊರೆಯನ್ನು ಅಂಬುಜಾಕ್ಷಿ ಚಿಮಟದಿಂದ ಸುಲಿದಳು. ಸರಪಳಿ ಸಿಕ್ಕಿತು, ಪಟದಲ್ಲಿದ್ದ ಹಾಗೆಯೇ. ಜೊತೆಗೆ ಪಟದಲ್ಲಿಲ್ಲದ್ದೂ ಒಂದು ಸಿಕ್ಕಿತು. ಎರಡನೆಯ ಪಕ್ಕೆಲುಬಿನ ನರದಿಂದ ಎದ್ದು, ಸರಪಳಿಯನ್ನು ಮುಟ್ಟದೆ ಬದಿಯಿಂದ ಹಾದು, ಕೈಗೆ ಹೋಗುವ ಮೊದಲ ಎದೆನರವನ್ನು ಸೇರುವ ಎಳೆ. ಕೂದಲಿಗಿಂತ ಒಂದಿಷ್ಟು ದಪ್ಪ. ನಾವಿಬ್ಬರೂ ತಲೆಯೆತ್ತಿ ಮುಖವಿಲ್ಲದ ಮನುಷ್ಯನನ್ನು ನೋಡಿದೆವು. ಅವನ ಎದೆಯಲ್ಲಿ ಆ ಜಾಗ ಬರಿದಾಗಿತ್ತು.

ಹಾಲಿನ ಅಟೆಂಡರ್ ತಿಪ್ಪೇಶಿ ಬಕೆಟ್ಟು ಹಿಡಿದು ಬಂದು ಇಣುಕಿದ. ಹದಿನೆಂಟು ವರ್ಷದಿಂದ ಆ ಹಾಲಿನ ದೇಹಗಳನ್ನು ಎತ್ತಿ ಇಳಿಸಿದವನು. ಅವನಿಗೆ ಆಶ್ಚರ್ಯವೇ ಆಗಲಿಲ್ಲ.

‘ವರ್ಷಾ ಎರಡು ಮೂರರಾಗ ಇರ್ತೈತ್ರಿ ಇದು,’ ಎಂದ. ‘ಸಾಹೇಬ್ರ ಪಟಕ್ಕ ಹೊಂದದ್ದೆಲ್ಲ ಈ ಬಕೆಟ್ನ್ಯಾಗ ಬೀಳ್ತಾವು. ಕಡೀಕ ಎಲ್ಲಾ ಹೆಣಾನೂ ಒಂದೇ ನಮೂನಿ ಕಾಣ್ತಾವ ನೋಡ್ರಿ.’

ಆಗ ನನಗೆ ಹಾಲಿನ ಅಷ್ಟೂ ವರ್ಷಗಳ ಶಿಸ್ತು ಅರ್ಥವಾಯಿತು. ದೇಹಗಳನ್ನು ನೋಡಿ ಬರೆದ ಪಟವೇನೋ ನಿಜ; ಆದರೆ ಬರೆದು ಮುಗಿದ ಮೇಲೆ ದೇಹಗಳೇ ಪಟವನ್ನು ನೋಡಿಕೊಂಡು ತಮ್ಮನ್ನು ತಿದ್ದಿಕೊಳ್ಳಬೇಕಾಗಿತ್ತು. ವಿದ್ಯಾರ್ಥಿಗಳು ‘ಸ್ವಚ್ಛ’ ಮಾಡುತ್ತಿದ್ದರು. ಸ್ವಚ್ಛವಾದದ್ದಕ್ಕೆ ಅಂಕ ಬರುತ್ತಿತ್ತು. ಅವರಲ್ಲಿ ಒಬ್ಬನಿಗೂ ತಾನು ಏನನ್ನೋ ಕತ್ತರಿಸಿದೆನೆಂದು ಅನ್ನಿಸಿರಲಿಲ್ಲ.

ರಾಯರು ಬಂದರು. ಬಗ್ಗದೆಯೇ ನೋಡಿ, ಅದು ನರವಲ್ಲ, ಬರೀ ಪೊರೆ, ಸ್ವಚ್ಛ ಮಾಡಿ ಎಂದರು. ಅದು ನರದಿಂದ ಹೊರಟು ನರವನ್ನೇ ಸೇರುತ್ತದೆಂದು ಅಂಬುಜಾಕ್ಷಿ ಚಿಮಟದ ತುದಿಯಿಂದ ತೋರಿಸಿದಳು. ರಾಯರು ಪಟದತ್ತ ಬೆರಳು ಮಾಡಿದರು. ಅವಳು ಅತ್ತ ನೋಡಲಿಲ್ಲ.

‘ನಾನು ಕತ್ತರಿಸಲ್ಲ ಸರ್,’ ಎಂದಳು.

ರಾಯರು ಅವಳ ಇನ್ನೊಂದು ಕೈಯಿಂದ ಕತ್ತರಿ ತೆಗೆದುಕೊಂಡರು. ಒದ್ದೆ ಹಿಡಿಕೆ ಬೆರಳಿಗೆ ಅಂಟಿದಾಗ ಮುಖ ಕಿವುಚಿಕೊಂಡರು. ಎರಡು ಕಡೆ ಕಚ್ ಎನ್ನಿಸಿ ಎಳೆಯನ್ನು ತೆಗೆದು ಬಕೆಟ್ಟಿಗೆ ಹಾಕಿದರು. ‘ಆಯಿತೆ?’ ಎಂದರು. ನಾನು ಸಾವಿರ ಸಲ ಅನುಕರಿಸಿದ್ದ ಮಾತು. ಆ ದಿನದ ನಂತರ ಅದು ನನ್ನ ಬಾಯಿಂದ ಹೊರಡಲಿಲ್ಲ.

ಸಂಜೆ ಅವಳು ಮನೆಗೆ ಪತ್ರ ಬರೆದಳು. ಶಸ್ತ್ರಚಿಕಿತ್ಸೆ ಬೇಡವೆಂದು. ಆ ಎಳೆ ನಿನ್ನೊಳಗೂ ಇರಬಹುದು, ಸರಪಳಿ ಕಡಿದರೂ ಬೆವರು ಆ ಬಳಸುದಾರಿಯಿಂದ ಬಂದೇ ಬರಬಹುದು, ಹಾಗೆಂದು ಬರೆ, ಒಪ್ಪುತ್ತಾರೆ, ಎಂದು ನಾನು ವಕೀಲಿ ಮಾಡಿದೆ.

‘ಅದಿಲ್ಲದೇ ಇದ್ರೆ ಕಡಿಸ್ಕೋಬೇಕಾ?’ ಎಂದಳು. ‘ಇದ್ರೂ ಬೇಡ, ಇಲ್ಲದಿದ್ರೂ ಬೇಡ. ಅವರ ಪಟಕ್ಕೆ ಹೊಂದಲಿ ಅಂತ ಹೆಣ ಸುಮ್ನಿತ್ತು. ನಾನಿನ್ನೂ ಹೆಣ ಆಗಿಲ್ಲ.’

ಅಂಬುಹಸ್ತೆ ಎಂದು ನಾನಿಟ್ಟ ಆ ಹೆಸರಿಗೆ ಅಂದು ಕ್ಷಮೆ ಕೇಳಿದೆ. ಅವಳು ನಗಲಿಲ್ಲ. ‘ಹ್ಞೂಂ,’ ಎಂದಳು, ಅಷ್ಟೆ.

ಕಲ್ಲಿನ ದಿನ ಬೆಳಿಗ್ಗೆ ತಿಪ್ಪೇಶಿ ಮೇಜುಗಳನ್ನು ತೊಳೆದು ಒರೆಸಿದ್ದ. ಕಿಟಕಿಯಿಂದ ಓರೆಯಾಗಿ ಬಿಸಿಲು ಬಿದ್ದಿತ್ತು. ನಾನು ಕೆಂಪು, ನೀಲಿ ಚಾಕ್‌ಪೀಸುಗಳಲ್ಲಿ ಬರೆದು, ಎರಡು ಕಡೆ ತಡವರಿಸಿ, ಹೇಗೋ ರುಜು ಪಡೆದೆ. ಕೊನೆಗೆ ಅಂಬುಜಾಕ್ಷಿ ಮುಂದೆ ಬಂದಳು. ಯಾರೂ ಕರೆದಿರಲಿಲ್ಲ. ಕೈ ಒಣಗಿದೆಯೇ ಎಂದು ರಾಯರು ಕೇಳಿದರು. ಇಲ್ಲ ಎಂದಳು. ಹಾಗಿದ್ದರೆ ಏಕೆ ಬಂದೆ ಎಂದರು.

‘ಒಣ ಕೈ ಬೇಕು ಅಂತ ಪದ್ಧತಿಯಲ್ಲಿಲ್ಲ ಸರ್. ಒರೆಸಬಾರದು, ತಿದ್ದಬಾರದು ಅಂತ ಮಾತ್ರ ಇದೆ.’

ರಾಯರು ಮೂಗಿನಿಂದ ಉಸಿರು ಬಿಟ್ಟು ಚಾಕ್‌ಪೀಸಿನ ಡಬ್ಬಿಯನ್ನು ಅವಳತ್ತ ದೂಡಿದರು. ಅವಳು ಅದನ್ನು ಮುಟ್ಟಲಿಲ್ಲ. ತೋರುಬೆರಳನ್ನು ಕಲ್ಲಿನ ಮೇಲಿಟ್ಟು ಎಳೆದಳು.

ಕರಿಕಲ್ಲಿನ ಮೇಲೆ ಇನ್ನೂ ಕಪ್ಪಾದ, ಹೊಳೆಯುವ ಗೆರೆ ಮೂಡಿತು. ಬಾಯಲ್ಲಿ ಹೇಳುತ್ತ ಹೋದಳು. ಮೆದುಳಿನಾಳದ ಹೈಪೊಥಲಾಮಸ್ಸಿನಿಂದ ಇಳಿದು, ಮೆದುಳಿನ ಕಾಂಡ ದಾಟಿ, ಬೆನ್ನುಹುರಿಯ ಪಕ್ಕದ ಕಂಬದಲ್ಲಿ ಎದೆಯ ಮಟ್ಟಕ್ಕೆ. ಅಲ್ಲಿಂದ ಹೊರಬಿದ್ದು ಸರಪಳಿಗೆ. ಸರಪಳಿಯಲ್ಲಿ ಮೇಲೇರಿ ಕುತ್ತಿಗೆಯ ಬುಡದ ನಕ್ಷತ್ರದಂಥ ಗಂಟಿಗೆ. ಗಂಟಿನಲ್ಲಿ ತಂತು ಬದಲಾಗಿ ತೋಳಿನ ನರಗಳ ಹೆಗಲೇರಿ ಅಂಗೈಗೆ. ಹೃದಯದ ದಾರಿ, ಕರುಳಿನ ದಾರಿ, ಕಣ್ಣಿನ ಪಾಪೆಯ ದಾರಿ. ಬೆರಳು ಒಣಗಲಿಲ್ಲ. ರಾಯರು ಎದುರಿಗೆ ನಿಂತಷ್ಟು ಹೊತ್ತು ಅದು ಒಣಗುವ ಹಾಗೂ ಇರಲಿಲ್ಲ. ಆದರೆ ಹಿಂದೆ ಬರೆದದ್ದು ಬಿಸಿಲಿಗೆ ಆರುತ್ತ ಬರುತ್ತಿತ್ತು. ಈಗಲೇ ನೋಡದಿದ್ದರೆ ಮತ್ತೆ ನೋಡಲಾಗದು. ಓರೆ ಬೆಳಕಿಗೆ ಮಾತ್ರ ಕಾಣುವ ಗೆರೆಗಳು. ನಾವೆಲ್ಲ ಬಗ್ಗಿದೆವು. ಆಮೇಲೆ ರಾಯರೂ ಬಗ್ಗಿದರು. ಅವರು ಬಗ್ಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕೊನೆಯದಾಗಿ ಅವಳು ಎರಡನೆಯ ಪಕ್ಕೆಲುಬಿನ ಜಾಗಕ್ಕೆ ಬಂದಳು. ಅಲ್ಲಿಂದ ಮೇಲಕ್ಕೆ ಬೆರಳುಗುರಿನಷ್ಟು ಉದ್ದದ ಸಣ್ಣ ಎಳೆಯೊಂದನ್ನು ಎಳೆದು ಕೈ ಹಿಂದಕ್ಕೆ ತೆಗೆದಳು.

ಕೊನೆಗೆ ರಾಯರೇ ಕೇಳಿದರು, ತಗ್ಗಿದ ದನಿಯಲ್ಲಿ. ‘ಇದು ಎಲ್ಲಿಂದ ಎಲ್ಲಿಗೆ?’

‘ಎರಡನೇ ನರದಿಂದ ಮೊದಲನೇದಕ್ಕೆ ಸರ್. ಸರಪಳಿ ಮುಟ್ಟಲ್ಲ.’

ಅವರು ಅವಳ ಪುಸ್ತಕ ಎಳೆದುಕೊಂಡು ರುಜು ಹಾಕಿದರು. ಹಾಕುವಾಗಲೂ ಕಣ್ಣು ಕಲ್ಲಿನ ಮೇಲೆಯೇ ಇತ್ತು. ಅಷ್ಟರಲ್ಲಿ ಉಳಿದ ದಾರಿಗಳೆಲ್ಲ ಆರಿಹೋಗಿದ್ದವು. ಖಾಲಿ ಮೇಜಿನ ಮೇಲೆ ಆ ಒಂದೇ ಎಳೆ, ಎರಡೂ ತುದಿಗಳಿಂದ ನಡುವಿಗೆ ಮೆಲ್ಲಗೆ ಕಿರಿದಾಗುತ್ತ, ಇನ್ನೂ ಹೊಳೆಯುತ್ತಿತ್ತು. ತಿಪ್ಪೇಶಿ ಒರೆಸುವ ಬಟ್ಟೆಯನ್ನು ಹೆಗಲ ಮೇಲೆಯೇ ಬಿಟ್ಟು ನಿಂತಿದ್ದ.